ಇಂದಿನ ಧಮ್ಮ ಚಿಂತನೆ: ದೇವದೂತರು ಯಾರು?





ಕನ್ನಡ ಬೈಬಲ್ಲಿನಲ್ಲಿ ‘ದೇವದೂತ’ ಎಂಬ ಮಾತಿದೆ. ಪಾಲಿ ತಿಪಿಟಕದಲ್ಲೂ ಅದೇ ಮಾತಿದೆ. ಅಕ್ಷರ ಒಂದೇ, ಅರ್ಥ ಬೇರೆ. ಬೈಬಲ್ಲಿನ ದೇವದೂತ ದೇವರ ಕಡೆಯಿಂದ ಸುದ್ದಿ ತರುವವನು. ಪಾಲಿ ಸುತ್ತದ ದೇವದೂತನಿಗೆ ಸುತ್ತಲೂ ಬೆಳಕಿಲ್ಲ, ಆಕಾಶದಿಂದ ಇಳಿದು ಬರುವುದೂ ಇಲ್ಲ. ಅವನ ಹಲ್ಲು ಉದುರಿವೆ, ಬೆನ್ನು ಬಾಗಿದೆ, ಕೈಯಲ್ಲಿ ಕೋಲಿದೆ.

ಬೇರೆ ಧರ್ಮದವರ ನಂಬಿಕೆಯನ್ನು ನಾವು ಯಾಕೆ ಓದಬೇಕು ಎಂದು ಬಳಗದ ಹುಡುಗರು ಕೇಳುತ್ತಾರೆ. ಅದಕ್ಕೆ ಉತ್ತರ ನಮ್ಮ ಭೀಮಾ ನದಿಯ ದಂಡೆಯಲ್ಲೇ ಸಿಕ್ಕಿದೆ. ಸನ್ನತಿಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ 1986ರಲ್ಲಿ ಕಾಳಿ ಗುಡಿಯ ಮಾಳಿಗೆ ಕುಸಿದು ಮೂರ್ತಿ ಒಡೆಯಿತು. ಮೂರ್ತಿಯ ಕೆಳಗೆ ಪೀಠ ಮಾಡಿದ್ದ ಕಲ್ಲು ನೋಡಿದರೆ ಅದು ಅಶೋಕನ ಶಾಸನ! ಅದರಲ್ಲಿ ಅಶೋಕನ 12ನೇ ಶಾಸನದ ಭಾಗವೂ ಇದೆ. ತನ್ನ ಪಂಥವನ್ನೇ ಹೊಗಳಿ ಇನ್ನೊಬ್ಬರದನ್ನು ಹಳಿಯುವವನು ತನ್ನ ಪಂಥಕ್ಕೇ ಕೇಡು ಮಾಡಿಕೊಳ್ಳುತ್ತಾನೆ, ಒಬ್ಬರ ಧರ್ಮವನ್ನು ಒಬ್ಬರು ಕಿವಿಗೊಟ್ಟು ಕೇಳಬೇಕು ಎಂಬುದು ಆ ಶಾಸನದ ತಿರುಳು. ಹಾಗಾಗಿ ಮೊದಲು ನೆರೆಯವರ ಮಾತು ಕೇಳೋಣ.

ಯಹೂದಿಗಳ ಹೀಬ್ರೂ ಭಾಷೆಯಲ್ಲಿ ‘ಮಲಾಖ್’, ಅರಬ್ಬಿಯಲ್ಲಿ ‘ಮಲಕ್’, ಗ್ರೀಕ್ ಭಾಷೆಯಲ್ಲಿ ‘ಆಂಗೆಲೋಸ್’. ಎಲ್ಲಕ್ಕೂ ಸುದ್ದಿ ಒಯ್ಯುವವನು ಎಂದೇ ಅರ್ಥ. ನಮ್ಮ ಕಡೆಯ ಮುಸ್ಲಿಂ ಬಂಧುಗಳು ‘ಫರಿಶ್ತೆ’ ಎನ್ನುತ್ತಾರೆ. ಅದು ಪಾರಸಿ ಮಾತು, ಅದಕ್ಕೂ ಕಳಿಸಲ್ಪಟ್ಟವನು ಎಂಬ ಅರ್ಥವೇ. ಕ್ರೈಸ್ತರ ಪ್ರಕಾರ ಮರಿಯಳಿಗೆ ಮಗು ಹುಟ್ಟುವ ಸುದ್ದಿ ತಂದವನು ಗಬ್ರಿಯೇಲ. ಮುಸ್ಲಿಮರ ಪ್ರಕಾರ ಅದೇ ಗಬ್ರಿಯೇಲ, ಅಂದರೆ ಜಿಬ್ರೀಲ್, 610ರ ಸುಮಾರಿಗೆ ಮಕ್ಕಾದ ಹತ್ತಿರ ಹಿರಾ ಗವಿಯಲ್ಲಿ ಮುಹಮ್ಮದ್ ಪೈಗಂಬರರಿಗೆ ಮೊದಲ ಮಾತು ತಂದನು. ಮುಂದೆ 23 ವರ್ಷ ಕುರಾನ್ ಇಳಿದು ಬಂದದ್ದು ಅವನ ಮೂಲಕ. ಜೀವ ಒಯ್ಯಲು ಮಲಕುಲ್ ಮೌತ್ ಇದ್ದಾನೆ. ಪ್ರತಿ ಮನುಷ್ಯನ ಎಡಬಲಕ್ಕೆ ಇಬ್ಬರು ಕೂತು ಒಳಿತು ಕೆಡುಕು ಬರೆಯುತ್ತಾರೆ ಎಂಬ ನಂಬಿಕೆಯೂ ಇದೆ. ಇಲ್ಲಿ ನಮ್ಮ ಹಳೆಯ ಮನೆಗಳಲ್ಲಿ ಕೇಳಿದ ಚಿತ್ರಗುಪ್ತನ ಖಾತೆ ಪುಸ್ತಕ, ಪಾಶ ಹಿಡಿದು ಬರುವ ಯಮದೂತರು ನಿಮಗೆ ನೆನಪಾಗಿರಬೇಕು.

ಓದುತ್ತಾ ಹೋದರೆ ನನಗೆ ಒಂದು ಕಚೇರಿ ಕಾಣುತ್ತದೆ. ಟಪಾಲಿನವನು, ಗುಮಾಸ್ತ, ಪೊಲೀಸು. ದೊರೆ ಬಲು ದೂರ ಇದ್ದಾಗ ನಡುವೆ ಆಳುಗಳು ಬೇಕಾಗುತ್ತಾರೆ. ಇದನ್ನು ಹೀಯಾಳಿಸಿ ಹೇಳುತ್ತಿಲ್ಲ. ನಮ್ಮ ಬೀಗರು ನೆಂಟರಲ್ಲಿ ಎಷ್ಟೋ ಮಂದಿ ಮೆಥೋಡಿಸ್ಟ್ ಚರ್ಚಿಗೆ ಹೋದವರಿದ್ದಾರೆ. ಯೇಸು ಹುಟ್ಟಿದ ಸುದ್ದಿಯನ್ನು ದೇವದೂತ ಅರಮನೆಗೆ ಮುಟ್ಟಿಸಲಿಲ್ಲ, ರಾತ್ರಿ ಹೊಲದಲ್ಲಿ ಕುರಿ ಕಾಯುತ್ತಿದ್ದವರಿಗೆ ಮುಟ್ಟಿಸಿದ ಎಂಬ ಕಥೆ ಅವರಿಗೆ ಎಷ್ಟು ಧೈರ್ಯ ಕೊಟ್ಟಿತು ಎಂದು ನಾನು ಬಲ್ಲೆ.

ಈಗ ನಮ್ಮ ಕಡೆಗೆ ಬರೋಣ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು 22 ಪ್ರತಿಜ್ಞೆ ಮಾಡಿಸಿದರು. ಬ್ರಹ್ಮ, ವಿಷ್ಣು, ಮಹೇಶ್ವರರನ್ನು ದೇವರೆಂದು ನಂಬುವುದಿಲ್ಲ, ಪೂಜಿಸುವುದಿಲ್ಲ ಎಂಬುದೇ ಮೊದಲನೆಯದು. ಹಾಗಿದ್ದರೆ ಸುತ್ತಗಳಲ್ಲಿ ದೇವತೆಗಳು ಯಾಕೆ ಬರುತ್ತಾರೆ? ಬರುತ್ತಾರೆ ನಿಜ. ಆದರೆ ಬಂದು ಏನು ಮಾಡುತ್ತಾರೆ ನೋಡಿ. ನಾವು ಪಠಿಸುವ ಮಂಗಲ ಸುತ್ತದಲ್ಲಿ ರಾತ್ರಿ ಜೇತವನಕ್ಕೆ ಬಂದ ದೇವತೆ ಬುದ್ಧನಿಗೆ ಯಾವ ಆಜ್ಞೆಯನ್ನೂ ತರುವುದಿಲ್ಲ, ಪ್ರಶ್ನೆ ಕೇಳುತ್ತದೆ. ಯಾವುದು ಮಂಗಲ ಎಂದು ಅದಕ್ಕೂ ಗೊತ್ತಿಲ್ಲ. ಬೇರೆ ಕಡೆ ಮೇಲಿನವನು ಹೇಳುತ್ತಾನೆ, ಕೆಳಗಿನವನು ಕೇಳುತ್ತಾನೆ. ಇಲ್ಲಿ ಅದು ತಿರುವುಮುರುವು.

ದೀಘ ನಿಕಾಯದ ಕೇವಟ್ಟ ಸುತ್ತದಲ್ಲಿ ಇದು ನಗೆ ಬರುವ ಹಾಗಿದೆ. ಒಬ್ಬ ಭಿಕ್ಖು ಒಂದು ಪ್ರಶ್ನೆ ಹಿಡಿದು ದೇವಲೋಕದಿಂದ ದೇವಲೋಕಕ್ಕೆ ಹತ್ತಿ ಹೋಗುತ್ತಾನೆ. ಎಲ್ಲರೂ ‘ನಮಗೆ ಗೊತ್ತಿಲ್ಲ, ಮೇಲೆ ಕೇಳು’ ಎಂದು ಸಾಗಹಾಕುತ್ತಾರೆ. ಕೊನೆಗೆ ಮಹಾಬ್ರಹ್ಮ ಸಿಗುತ್ತಾನೆ. ತಾನೇ ಸೃಷ್ಟಿಕರ್ತ, ತಾನೇ ಒಡೆಯ ಎಂದು ಸಭೆಯಲ್ಲಿ ಕೊಚ್ಚಿಕೊಳ್ಳುತ್ತಾನೆ. ಭಿಕ್ಖು ಬಿಡುವುದಿಲ್ಲ, ಕೇಳಿದ್ದನ್ನೇ ಕೇಳುತ್ತಾನೆ. ಆಗ ಬ್ರಹ್ಮ ಅವನ ರಟ್ಟೆ ಹಿಡಿದು ಬದಿಗೆ ಕರೆದು, ಉಳಿದ ದೇವತೆಗಳ ಮುಂದೆ ಮರ್ಯಾದೆ ಹೋಗುತ್ತದೆಂದು ಹೇಳಲಿಲ್ಲ, ನನಗೂ ಗೊತ್ತಿಲ್ಲ, ಬುದ್ಧನನ್ನೇ ಕೇಳು ಎಂದು ಒಪ್ಪಿಕೊಳ್ಳುತ್ತಾನೆ. ಮನೆಯಲ್ಲಿ ಮಕ್ಕಳಿಗೆ ಈ ಕಥೆ ಹೇಳಿ.

ಅಶೋಕ ತನ್ನನ್ನು ‘ದೇವಾನಾಂಪ್ರಿಯ’ ಎಂದು ಕರೆದುಕೊಂಡನಲ್ಲ ಎಂದೂ ಒಬ್ಬರು ಕೇಳಿದ್ದರು. 1915ರಲ್ಲಿ ಮಸ್ಕಿಯಲ್ಲಿ ಸಿಕ್ಕ ಶಾಸನದಿಂದಲೇ ದೇವಾನಾಂಪ್ರಿಯ ಅಂದರೆ ಅಶೋಕ ಎಂಬುದು ಖಚಿತವಾಯಿತು. ಮೊದಲು ಜನರೊಡನೆ ಬೆರೆಯದಿದ್ದ ದೇವತೆಗಳು ಈಗ ಬೆರೆತಿದ್ದಾರೆ ಎಂದು ಅದರಲ್ಲಿದೆ. ಇದರ ಅರ್ಥದ ಬಗ್ಗೆ ಪಂಡಿತರು ಹಲವು ಬಗೆಯಲ್ಲಿ ಹೇಳಿದ್ದಾರೆ. ನನಗೆ ಮುಖ್ಯ ಎನಿಸುವುದು ಅದರ ಮುಂದಿನ ಮಾತು. ಇದು ದೊಡ್ಡವರಿಗೆ ಮಾತ್ರ ಸಾಧ್ಯ ಎಂದು ತಿಳಿಯಬಾರದು, ಧಮ್ಮದಲ್ಲಿ ತೊಡಗಿದ ಸಣ್ಣವನೂ ಇದನ್ನು ಮುಟ್ಟಬಲ್ಲ. ನಮ್ಮ ನೆಲದ ಬಂಡೆಯ ಮೇಲೆ ಎರಡು ಸಾವಿರಕ್ಕೂ ಹೆಚ್ಚು ವರ್ಷದಿಂದ ಈ ಮಾತು ಇತ್ತು, ನಮ್ಮ ಹಿರಿಯರಿಗೆ ಓದಿ ಹೇಳುವವರು ಇರಲಿಲ್ಲ.

ಇನ್ನು ಪಾಲಿಯ ದೇವದೂತರು. ಅಂಗುತ್ತರ ನಿಕಾಯದಲ್ಲಿ ಮೂವರು: ಮುದುಕ, ರೋಗಿ, ಹೆಣ. ಮಜ್ಝಿಮ ನಿಕಾಯದ 130ನೇ ಸುತ್ತದಲ್ಲಿ ಐವರು: ತನ್ನ ಹೊಲಸಿನಲ್ಲೇ ಮಲಗಿದ ಹಸುಗೂಸು, ಮುದುಕ, ರೋಗಿ, ರಾಜನಿಂದ ಶಿಕ್ಷೆ ತಿನ್ನುತ್ತಿರುವವನು, ಹೆಣ. ಕೆಟ್ಟದ್ದು ಮಾಡಿ ಸತ್ತವನನ್ನು ಯಮ ವಿಚಾರಿಸುತ್ತಾನೆ. ದೇವದೂತರು ಬಂದಿದ್ದರಲ್ಲ, ನೋಡಲಿಲ್ಲವೆ? ಇಲ್ಲ ಎನ್ನುತ್ತಾನೆ ಇವನು. ಎಂಬತ್ತು ತೊಂಬತ್ತರ ಮುದುಕನನ್ನು ನೋಡಲಿಲ್ಲವೆ? ನೋಡಿದ್ದೆ ಎನ್ನುತ್ತಾನೆ. ನೋಡಿ ಏನು ಅನ್ನಿಸಿತು? ಏನೂ ಅನ್ನಿಸಲಿಲ್ಲ, ಮೈಮರೆತಿದ್ದೆ ಎನ್ನುತ್ತಾನೆ. ಹಾಗಾದರೆ ಇದು ನಿನ್ನ ತಾಯಿ ಮಾಡಿದ್ದಲ್ಲ, ತಂದೆ ಮಾಡಿದ್ದಲ್ಲ, ದೇವತೆಗಳು ಮಾಡಿದ್ದಲ್ಲ, ನೀನೇ ಮಾಡಿದ್ದು ಎನ್ನುತ್ತಾನೆ ಯಮ.

ಇಲ್ಲಿ ಎರಡು ತಕರಾರು ಇವೆ. ಯಮನನ್ನು ನಾವು ಒಪ್ಪುತ್ತೇವೆಯೆ? ನನ್ನ ಮಟ್ಟಿಗೆ ಯಮ ಆ ಸುತ್ತದ ಚೌಕಟ್ಟು. ಕೇಳಿದ ಪ್ರಶ್ನೆ ಮಾತ್ರ ದಿಟ. ವಿಚಾರಕ್ಕೆ ನಿಲ್ಲದ್ದು, ಜನರ ಹಿತಕ್ಕೆ ಸಂಬಂಧವಿಲ್ಲದ್ದು ಬುದ್ಧನ ಮಾತಲ್ಲ ಎಂಬ ಒರೆಗಲ್ಲನ್ನು ಬಾಬಾಸಾಹೇಬರೇ ಕೊಟ್ಟಿದ್ದಾರೆ.

ಎರಡನೆಯದು ಇನ್ನೂ ಗಟ್ಟಿ ತಕರಾರು. 1957ರಲ್ಲಿ ಹೊರಬಂದ ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಬಾಬಾಸಾಹೇಬರು ಮುದುಕ, ರೋಗಿ, ಹೆಣ ನೋಡಿ ಸಿದ್ಧಾರ್ಥ ಮನೆ ಬಿಟ್ಟ ಎಂಬ ಕಥೆಯನ್ನು ಒಪ್ಪಲಿಲ್ಲ. 29 ವರ್ಷದವರೆಗೆ ಇವನ್ನು ನೋಡದ ಮನುಷ್ಯ ಇರುತ್ತಾನೆಯೆ ಎಂದು ಕೇಳಿದರು. ರೋಹಿಣಿ ನದಿಯ ನೀರಿಗಾಗಿ ಶಾಕ್ಯರಿಗೂ ಕೋಲಿಯರಿಗೂ ಎದ್ದ ಜಗಳ, ಯುದ್ಧಕ್ಕೆ ಸಿದ್ಧಾರ್ಥ ಮಾಡಿದ ವಿರೋಧ, ಇದು ಕಾರಣ ಎಂದರು. ಹಳೆಯ ಕಥೆಯಲ್ಲಂತೂ ಆ ಮುದುಕ, ರೋಗಿಗಳ ವೇಷದಲ್ಲಿ ಬಂದವರು ದೇವತೆಗಳೇ! ಹಾಗಾದರೆ ದೇವದೂತ ಸುತ್ತವನ್ನೂ ಬಿಡಬೇಕೆ? ಬೇಡ ಎನ್ನುತ್ತೇನೆ. ಸುತ್ತವನ್ನು ಸರಿಯಾಗಿ ಓದಿದರೆ ಅದು ಬಾಬಾಸಾಹೇಬರ ಪರವಾಗಿಯೇ ಸಾಕ್ಷಿ ಹೇಳುತ್ತದೆ. ನೋಡದೆ ಇದ್ದವನು ಯಾರೂ ಇಲ್ಲ, ಎಲ್ಲರೂ ನೋಡಿದ್ದಾರೆ ಎಂಬುದೇ ಅದರ ವಾದ.

ನಮ್ಮ ಕೇರಿಯ ವಿಷಯವನ್ನಂತೂ ಕೇಳಲೇಬೇಡಿ. ರಾಜಕುಮಾರನಿಗೆ ಹೆಣ ಕಾಣದ ಹಾಗೆ ಅರಮನೆಯವರು ಬಚ್ಚಿಟ್ಟರಂತೆ. ನಮ್ಮ ಅಜ್ಜ ಮುತ್ತಜ್ಜಂದಿರಿಗೆ ಊರು ಹೆಣದ ಕೆಲಸ ಬಿಟ್ಟು ಬೇರೆ ತೋರಿಸಲೇ ಇಲ್ಲ. ಸತ್ತ ದನ ಎಳೆಯುವುದು, ಕುಣಿ ತೋಡುವುದು, ಹೆಣದ ಮುಂದೆ ಹಲಗೆ ಬಾರಿಸುವುದು. ಅದರ ಜೊತೆಗೆ ಇನ್ನೊಂದಿತ್ತು, ಸಾವಿನ ಸುದ್ದಿ ಮುಟ್ಟಿಸುವುದು. ಊರ ದೊಡ್ಡ ಮನೆಯಲ್ಲಿ ಯಾರಾದರೂ ಸತ್ತರೆ ನಮ್ಮಜ್ಜ ರಾತ್ರೋರಾತ್ರಿ ಹತ್ತು ಹನ್ನೆರಡು ಹರದಾರಿ ನಡೆದು ಬೀಗರ ಊರಿಗೆ ಹೋಗಬೇಕಿತ್ತು. ಅಲ್ಲಿ ಅಂಗಳದ ಆಚೆ ನಿಂತು ಕೂಗಿ ಹೇಳಬೇಕು. ಒಳಗೆ ಬಾ ಎನ್ನುವವರಿಲ್ಲ. ಮೇಲಿಂದ ಒಂದು ರೊಟ್ಟಿ ಒಗೆದರೆ ಅದೇ ಕೂಲಿ. ಎಷ್ಟೇ ದೂರವಿರಲಿ ಇಂಥ ಸುದ್ದಿ ಒಯ್ಯುವುದು ಅಸ್ಪೃಶ್ಯರ ಮೇಲೆ ಹೇರಿದ ಕಡ್ಡಾಯ ಕೆಲಸವಾಗಿತ್ತು ಎಂದು ಬಾಬಾಸಾಹೇಬರು ಬರೆದಿದ್ದಾರೆ. ಇಂಥ ಬಿಟ್ಟಿ ಚಾಕರಿಗೆ ಬೇರಾಗಿದ್ದ ಮಹಾರ್ ವತನದ ವಿರುದ್ಧ 1928ರಲ್ಲೇ ಮುಂಬೈ ಶಾಸನ ಸಭೆಯಲ್ಲಿ ಮಸೂದೆ ತಂದವರು ಅವರು.

ಸುದ್ದಿ ತರುವವನೇ ದೂತ ಎಂದಾದರೆ ನಮ್ಮಜ್ಜನೂ ದೂತ. ಗಬ್ರಿಯೇಲನಿಗೆ ಎಲ್ಲರೂ ಕೈಮುಗಿದರು, ನಮ್ಮಜ್ಜನ ನೆರಳು ಬೀಳದಂತೆ ದೂರ ಸರಿದರು. ದೊಡ್ಡವರು ಕಳಿಸಿದ ದೂತನಿಗೂ ಜಾತಿ ಅಂಟಿಸುವ ದೇಶ ಇದು. ಸುತ್ತದ ನಾಲ್ಕನೆಯ ದೂತನ ಬಗ್ಗೆ ನನಗೆ ಸಮಾಧಾನವಿಲ್ಲದ್ದೂ ಇದೇ ಕಾರಣಕ್ಕೆ. ಶಿಕ್ಷೆ ತಿನ್ನುವವನನ್ನು ನೋಡಿ ತಪ್ಪಿನ ಫಲ ತಿಳಿ ಎನ್ನುತ್ತದೆ ಸುತ್ತ. ತಪ್ಪು ಮಾಡದೆಯೂ ಕಂಬಕ್ಕೆ ಕಟ್ಟಿಸಿಕೊಂಡು ಏಟು ತಿಂದವರ ಮಕ್ಕಳು ನಾವು. ಅವನನ್ನು ನೋಡಿದಾಗ ಅವನು ಏನು ಮಾಡಿದ ಎನ್ನುವ ಮೊದಲು, ಹೊಡೆಯುವವನು ಯಾರು ಎಂದು ನಾವು ಕೇಳಬೇಕು.

ಈಗ ಬಳಗದ ಒಬ್ಬ ತಂಗಿ ಕಳಿಸಿದ ಪ್ರಶ್ನೆ. ಅವಳ ಮಾತಿನಲ್ಲೇ ಕೇಳಿ: “ಅಣ್ಣಾರ, ನಮ್ಮವ್ವ ಹಾಸಿಗಿ ಹಿಡದು ಎರಡು ತಿಂಗಳಾತು. ಬಾಗಲ್ದಾಗ ಬಿಳಿ ಅರಿವಿ ಉಟ್ಟವರು ನಿಂತಾರ, ಕರಿಯಾಕ ಬಂದಾರ ಅಂತಾಳ. ಓಣಿಯವ್ರು ಪೂಜಾರಿನ್ನ ಕರಸು ಅಂತಾರ, ಚಿಗವ್ವ ಪಾಸ್ಟರನ್ನ ಕರಸು ಅಂತಾಳ. ದೀಕ್ಷಾ ತಗೊಂಡಾಕಿ ನಾ ಏನ್ ಹೇಳ್ಲಿ?”

ತಂಗಿ, ಮೊದಲು ಡಾಕ್ಟರನ್ನು ಕರೆಸು. ವಯಸ್ಸಾದವರಿಗೆ ಮೈಯಲ್ಲಿ ನೀರು ಕಡಿಮೆಯಾದರೆ, ಮೂತ್ರದ ಸೋಂಕಾದರೆ, ಗುಳಿಗೆ ಏರುಪೇರಾದರೆ, ನಿದ್ದೆ ಕೆಟ್ಟರೆ ಇಲ್ಲದವರು ಕಾಣುವುದುಂಟು. ಎಷ್ಟೋ ಸಲ ಇದು ಔಷಧಕ್ಕೆ ಇಳಿಯುತ್ತದೆ. ಅವ್ವನ ಜೊತೆ ವಾದಕ್ಕೆ ಇಳಿಯಬೇಡ. ‘ಯಾರೂ ಇಲ್ಲ ಸುಮ್ನಿರು’ ಎಂದರೆ ಅವಳಿಗೆ ಭಯ ಹೆಚ್ಚುತ್ತದೆ. ದೀಪ ಹಚ್ಚಿಡು, ಕೈ ಹಿಡಿದುಕೊ, ‘ನಾ ಇಲ್ಲೇ ಇದ್ದೀನವ್ವ’ ಅನ್ನು. ಚಿಗವ್ವ ತನ್ನ ಪ್ರಾರ್ಥನೆ ಮಾಡಿದರೆ ಮಾಡಲಿ, ಅದರಿಂದ ನಿನ್ನ ದೀಕ್ಷೆ ಕೆಡುವುದಿಲ್ಲ. ಆದರೆ ದೈವ ಮುನಿದಿದೆ, ಕೋಳಿ ಕೊಡು, ಸಾಲ ಮಾಡಿ ಪೂಜೆ ಮಾಡಿಸು ಎನ್ನುವವರನ್ನು ಹೊಸ್ತಿಲ ಆಚೆಗೇ ನಿಲ್ಲಿಸು.

ವಿನಯ ಪಿಟಕದಲ್ಲಿ ಭೇದಿಯಾಗಿ ತನ್ನ ಹೊಲಸಿನಲ್ಲೇ ಬಿದ್ದಿದ್ದ ಒಬ್ಬ ಭಿಕ್ಖುವಿನ ಪ್ರಸಂಗ ಇದೆ. ಅವನಿಂದ ಯಾರಿಗೂ ಉಪಯೋಗವಿಲ್ಲ ಎಂದು ಉಳಿದವರು ಬಿಟ್ಟಿದ್ದರು. ಬುದ್ಧ ಅವನಿಗೆ ಪೂಜೆ ಹೇಳಲಿಲ್ಲ, ಪೂರ್ವಜನ್ಮದ ಕಥೆಯನ್ನೂ ಹೇಳಲಿಲ್ಲ. ಆನಂದನಿಂದ ನೀರು ತರಿಸಿದ. ತಾನು ನೀರು ಹಾಕಿದ, ಆನಂದ ತೊಳೆದ. ಒಬ್ಬ ತಲೆ ಕಡೆ, ಒಬ್ಬ ಕಾಲ ಕಡೆ ಹಿಡಿದು ಎತ್ತಿ ಮಂಚದ ಮೇಲೆ ಮಲಗಿಸಿದರು. ಆಮೇಲೆ ಸಂಘವನ್ನು ಕರೆದು, ನನ್ನ ಸೇವೆ ಮಾಡಬೇಕೆನ್ನುವವನು ರೋಗಿಯ ಸೇವೆ ಮಾಡಲಿ ಎಂದ.

ಆ ತಂಗಿ ಹಗಲು ಕೂಲಿಗೆ ಹೋಗಿ ರಾತ್ರಿ ಒಬ್ಬಳೇ ಎಚ್ಚರ ಇರುತ್ತಿದ್ದಾಳೆ. ಸೋಮವಾರದಿಂದ ಅವಳ ಮನೆಯಲ್ಲಿ ರಾತ್ರಿ ಪಾಳಿ ಕೂಡೋಣ. ದಿನಕ್ಕೆ ಇಬ್ಬರು, ಒಬ್ಬ ಹೆಣ್ಣುಮಗಳು ಇರಲೇಬೇಕು. ಸೋಮವಾರ ನಾನೂ ನನ್ನ ಹೆಂಡತಿಯೂ ಇರುತ್ತೇವೆ. ಮಂಗಳವಾರದಿಂದ ಶನಿವಾರದವರೆಗೆ ಹೆಸರು ಬೇಕು. ಮನೆ ಯಾವುದೆಂದು ಗುಂಪಿನಲ್ಲಿ ಹಾಕುವುದಿಲ್ಲ, ನನಗೆ ಫೋನ್ ಮಾಡಿ. ಭಾನುವಾರದ ಓದಿಗೆ ಮಜ್ಝಿಮ ನಿಕಾಯದ 130ನೇ ಸುತ್ತ ಇಟ್ಟುಕೊಂಡಿದ್ದೇವೆ, ಪುಸ್ತಕ ಇದ್ದವರು ತನ್ನಿ.

ಜೈ ಭೀಮ್. ನಮೋ ಬುದ್ಧಾಯ.