16 ಎಂದು ತಿದ್ದಿಸಿದ 15: ಐಎಸ್‌ಡಿಎನ್ ಲೈನ್ ಕುರಿತ ನನ್ನ ಅಭ್ಯಾಸ ಪಾಠ

ತರಗತಿ: ದ್ವಿತೀಯ ಪಿಯುಸಿ, ಕಂಪ್ಯೂಟರ್ ವಿಜ್ಞಾನ
ಪಾಠ: ನೆಟ್‌ವರ್ಕ್ ಆಕ್ಸೆಸ್ ಸಾಧನದಲ್ಲಿ ಐಎಸ್‌ಡಿಎನ್ ಲೈನ್ ಹೊಂದಿಸುವುದು
ಅವಧಿ: 40 ನಿಮಿಷಗಳ ಎರಡು ಪಾಠಗಳು

ಆಯ್ಕೆಗೆ ಕಾರಣ

ಫೈಬರ್ ಬಂದ ಮೇಲೆ ಐಎಸ್‌ಡಿಎನ್ ಹಿಂದೆ ಸರಿದಿದೆ. ಆದರೂ ಪೂರಕ ಪಾಠಕ್ಕೆ ಅದನ್ನೇ ಆರಿಸಿಕೊಂಡೆ. ಅದರ ಪ್ರತಿಯೊಂದು ಅಂಕಿಯನ್ನೂ ಮಕ್ಕಳು ತಾವೇ ಲೆಕ್ಕ ಹಾಕಿ ಪಡೆಯಬಹುದು ಎಂಬುದೇ ಕಾರಣ. ನಮ್ಮಲ್ಲಿ ಲೈನ್ ಇರಲಿಲ್ಲ. ಒಂದು ಸಿಸ್ಕೋ ಸಾಧನದ ಹೊಂದಿಕೆಯ ಮುದ್ರಿತ ಹಾಳೆಯೇ ಬೋಧನೋಪಕರಣ.

ಮೊದಲ ದಿನ

ಧ್ವನಿಯನ್ನು ಸೆಕೆಂಡಿಗೆ 8000 ಬಾರಿ ಅಳೆದು, ಪ್ರತಿ ಅಳತೆಯನ್ನು 8 ಬಿಟ್‌ಗಳಲ್ಲಿ ಬರೆದರೆ ಎಷ್ಟಾಗುತ್ತದೆ ಎಂದು ಕೇಳಿದೆ. ಒಬ್ಬ ವಿದ್ಯಾರ್ಥಿ ಹಲಗೆಯ ಮೇಲೆ 64,000 ಎಂದು ಬರೆದ. ಅದೇ 64 ಕಿಲೋಬಿಟ್‌ನ ಒಂದು ಚಾನೆಲ್. ಭಾರತ, ಯುರೋಪುಗಳಲ್ಲಿ ಬಳಸುವ ಇ1 ಲೈನಿನಲ್ಲಿ ಇಂಥ 32 ಟೈಮ್‌ಸ್ಲಾಟ್‌ಗಳಿವೆ. ಒಟ್ಟು 2048 ಕಿಲೋಬಿಟ್.

ಡ್ರಾಯಿಂಗ್ ಹಾಳೆಯಿಂದ 32 ಚೀಟಿ ಕತ್ತರಿಸಿ, 0ಯಿಂದ 31ರವರೆಗೆ ಅಂಕಿ ಹಾಕಿ ದಾರಕ್ಕೆ ಸಿಕ್ಕಿಸಿದ್ದೆ. 0ನೆಯದು ಎರಡೂ ತುದಿಗಳು ಹೆಜ್ಜೆ ಕೂಡಿಸಿಕೊಳ್ಳಲು. 16ನೆಯದು ಡಿ ಚಾನೆಲ್. ಕರೆ ಯಾರಿಗೆ, ಯಾವಾಗ ಮುಗಿಯಿತು ಎಂಬ ಸಂಕೇತಗಳು ಅದರಲ್ಲಿ ಹೋಗುತ್ತವೆ. ಉಳಿದ 30 ಬಿ ಚಾನೆಲ್‌ಗಳಲ್ಲಿ ಮಾತು ಅಥವಾ ದತ್ತಾಂಶ.

ಬಳಿಕ ಹಾಳೆಯಲ್ಲಿದ್ದ ಹೊಂದಿಕೆಗಳನ್ನು ಓದಿದೆವು: ಎಕ್ಸ್‌ಚೇಂಜಿನ ಸ್ವಿಚ್ ಬಗೆ, ಸಿಆರ್‌ಸಿ4 ಫ್ರೇಮಿಂಗ್, ಎಚ್‌ಡಿಬಿ3 ಲೈನ್ ಕೋಡ್, ಗಡಿಯಾರದ ಮೂಲ. ಗಡಿಯಾರವನ್ನು ಲೈನಿನಿಂದಲೇ ಪಡೆಯಬೇಕೇಕೆ? ತರಗತಿಯನ್ನು ಎರಡು ಗುಂಪು ಮಾಡಿ, ಒಬ್ಬರನ್ನೊಬ್ಬರು ನೋಡದೆ ಒಂದೇ ಲಯದಲ್ಲಿ ಚಪ್ಪಾಳೆ ತಟ್ಟಲು ಹೇಳಿದೆ. ಸ್ವಲ್ಪ ಹೊತ್ತಿಗೆ ಲಯ ತಪ್ಪಿತು. ಒಂದು ಗುಂಪು ಇನ್ನೊಂದನ್ನು ಅನುಸರಿಸಿದಾಗ ಕೂಡಿಕೊಂಡಿತು. ಈ ಹಂತ ನಾನೆಣಿಸಿದ್ದಕ್ಕಿಂತ ಚೆನ್ನಾಗಿ ಬಂತು.

ಎಡವಿದ ಜಾಗ

ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. "ಮೇಡಂ, ಡಿ ಚಾನೆಲ್ 16 ಅಂದ್ರಿ. ಹಾಳೆಯಲ್ಲಿ ಸೀರಿಯಲ್ 0:15 ಅಂತಿದೆಯಲ್ಲ?"

"ಅಚ್ಚಿನ ತಪ್ಪಿರಬೇಕು, 16 ಅಂತ ತಿದ್ದಿಕೊಳ್ಳಿ" ಎಂದೆ. ಎಲ್ಲರೂ ತಿದ್ದಿಕೊಂಡರು. ವೀಕ್ಷಣಾ ಪುಸ್ತಕದಲ್ಲಿ ಮಾರ್ಗದರ್ಶಕರು ಒಂದೇ ಸಾಲು ಬರೆದಿದ್ದರು: "ಪರಿಶೀಲಿಸದೆ ತಿದ್ದಿಸಿದ್ದೀರಿ."

ರಾತ್ರಿ ಬೇರೊಂದು ಇ1 ಹೊಂದಿಕೆ ತೆಗೆದು ನೋಡಿದೆ. ಅಲ್ಲಿಯೂ 15. ಆಗ ಹೊಳೆಯಿತು. 0ನೆಯ ಸ್ಲಾಟ್ ಹೊಂದಾಣಿಕೆಗೆ ಮೀಸಲಾದ್ದರಿಂದ ಸಾಧನದ ಗುಂಪಿಗೆ ಸೇರುವುದು 1ರಿಂದ 31 ಮಾತ್ರ. ಆ ಗುಂಪನ್ನು ಸಾಧನ ಮತ್ತೆ ಸೊನ್ನೆಯಿಂದ ಎಣಿಸುತ್ತದೆ. 1ನೆಯ ಸ್ಲಾಟಿಗೆ 0, 16ನೆಯದಕ್ಕೆ 15. ಹಾಳೆ ಸರಿಯಿತ್ತು.

ಎರಡನೆಯ ದಿನ

ಪಾಠದ ಆರಂಭದಲ್ಲೇ "ನಿನ್ನೆ ನಾನು ಹೇಳಿದ್ದು ತಪ್ಪು" ಎಂದೆ. ಕಾರಣ ಮಾತ್ರ ಹೇಳಲಿಲ್ಲ. ಪ್ರಶ್ನೆ ಕೇಳಿದ್ದ ಹುಡುಗಿಯನ್ನೇ ಕರೆದು, 1ನೆಯ ಚೀಟಿಯಿಂದ ತೊಡಗಿ ಕೆಳಗೆ 0, 1, 2 ಎಂದು ಬರೆಯಲು ಹೇಳಿದೆ. 16ರ ಕೆಳಗೆ 15 ಬಂದಾಗ ತರಗತಿಯೇ "ಓ" ಎಂದಿತು. ಅಮೆರಿಕದ ಟಿ1 ಲೈನಿನಲ್ಲಿ ಸ್ಲಾಟ್‌ಗಳು 1ರಿಂದ 24, ಡಿ ಚಾನೆಲ್ ಕೊನೆಯದು. ಸಾಧನ ಏನೆಂದು ತೋರಿಸೀತು ಎಂದು ಕೇಳಿದೆ. 23 ಎಂದು ಹಲವರು ಒಟ್ಟಿಗೆ ಹೇಳಿದರು. ನಾನು ಸಿದ್ಧಪಡಿಸಿದ್ದ ಮೌಲ್ಯಮಾಪನದ ಪ್ರಶ್ನೆಗಳಿಗಿಂತ ಇದೇ ಒಳ್ಳೆಯ ಪ್ರಶ್ನೆಯಾಯಿತು.

ಉಳಿದ ಸಮಯದಲ್ಲಿ ಲೈನ್ ಏಳದಿದ್ದರೆ ಹುಡುಕುವ ಕ್ರಮ ಕಲಿಸಿದೆ: ಮೊದಲು ಇ1 ಎದ್ದಿದೆಯೇ (ಕೇಬಲ್, ಫ್ರೇಮಿಂಗ್, ಗಡಿಯಾರ), ಆಮೇಲೆ ಡಿ ಚಾನೆಲ್‌ನಲ್ಲಿ ಎಕ್ಸ್‌ಚೇಂಜಿನೊಡನೆ ಸಂಪರ್ಕ ಕೂಡಿದೆಯೇ, ಕೊನೆಗೆ ಕರೆ ಹೋಗುತ್ತದೆಯೇ. ಕೆಳಗಿನ ಹಂತ ಖಚಿತವಾಗದೆ ಮೇಲಕ್ಕೆ ಹೋಗಬಾರದು.

ಸ್ವಾವಲೋಕನ

ಗೊತ್ತಿಲ್ಲದ್ದು ಅಂಥ ದೊಡ್ಡ ತಪ್ಪೇನಲ್ಲ. ಆದರೆ ಸರಿಯಿದ್ದ ಅಂಕಿಯನ್ನು ಮಕ್ಕಳ ಕೈಯಿಂದಲೇ ಹೊಡೆದು ಹಾಕಿಸಿದ್ದೆ. ನನ್ನ ಮಾತು ನಂಬಿದ ವಿದ್ಯಾರ್ಥಿ ನಾಳೆ ನಿಜವಾದ ಸಾಧನದ ಮುಂದೆ ಕುಳಿತು 0:16 ಎಂದು ಹುಡುಕಿದರೆ ಡಿ ಚಾನೆಲ್ ಸಿಗದು. ಈಗ ನನ್ನ ಪಾಠ ಯೋಜನೆಯಲ್ಲಿ "ಪರಿಶೀಲಿಸಬೇಕಾದ ಪ್ರಶ್ನೆಗಳು" ಎಂಬ ಕಲಮು ಸೇರಿದೆ; ಹಲಗೆಯ ಬಲ ಮೂಲೆಯನ್ನೂ ಅದಕ್ಕೇ ಬಿಟ್ಟಿರುತ್ತೇನೆ. ಅಭ್ಯಾಸ ಪಾಠಕ್ಕೆ ಹೋಗಲಿರುವ ಸಹಪಾಠಿಗಳೂ ಇದನ್ನು ಮಾಡಿ ನೋಡಬಹುದು.