ನಿಮ್ಮ ಹೊಲಕ್ಕೆ ಯಾವ ಬಣ್ಣ ಬಳಿದಿದ್ದಾರೆ, ನೋಡಿದ್ದೀರಾ?

ನಾನು ಓದಿದ್ದು ಏಳನೇ ಕ್ಲಾಸು. ನಮ್ಮದು ಎರಡೂವರೆ ಎಕರೆ ಖುಷ್ಕಿ. ರಾಗಿ, ಅದರ ಅಕ್ಕಡಿ ಸಾಲಲ್ಲಿ ಅವರೆ, ತೊಗರಿ. ಪೇಟೆಯಿಂದ ಮೂರು ಕಿಲೋಮೀಟರ್ ದೂರ. ಹತ್ತು ವರ್ಷದ ಹಿಂದೆ ದೂರ ಅನ್ನಿಸುತ್ತಿತ್ತು, ಈಗ ಬದುವಿನ ಪಕ್ಕಕ್ಕೇ ಬಡಾವಣೆ ಬಂದು ನಿಂತಿದೆ.

ಪೇಟೆಯ ಹೊಸ ಮಾಸ್ಟರ್ ಪ್ಲಾನ್ ಕರಡು ಹೊರಬಿದ್ದಿದೆ ಅಂತ ನನ್ನ ಭಾಮೈದ ಫೋನ್ ಮಾಡಿ ಹೇಳಿದ. ಕಚೇರಿಗೆ ಹೋದೆ. ಗೋಡೆ ತುಂಬ ನಕ್ಷೆ. ನಮ್ಮ ಹೊಲ ಇರೋ ಕಡೆ ಹಸಿರು ಕಂಡಿತು. 'ಸದ್ಯ, ಬೇಸಾಯಕ್ಕೇ ಬಿಟ್ಟಿದ್ದಾರೆ' ಅಂತ ಖುಷಿಯಿಂದ ವಾಪಸು ಬಂದೆ. ಅದೇ ನಾನು ಮಾಡಿದ ತಪ್ಪು.

ವಾರ ಬಿಟ್ಟು ಮಗಳ ಜೊತೆ ಮತ್ತೆ ಹೋದಾಗ ಅವಳು ನಕ್ಷೆಯ ಮೂಲೆಯಲ್ಲಿದ್ದ ಬಣ್ಣದ ಪಟ್ಟಿ ತೋರಿಸಿದಳು. ತಿಳಿ ಹಸಿರು ಬೇಸಾಯಕ್ಕೆ. ಕಡು ಹಸಿರು ಪಾರ್ಕಿಗೆ. ನಮ್ಮದರಲ್ಲಿ ಒಂದು ಎಕರೆ ಕಡು ಹಸಿರು! ಸಾಲದ್ದಕ್ಕೆ, ನಮ್ಮ ಕಟ್ಟೆಗೆ ನೀರು ತರುವ ಹಳ್ಳದ ಮೇಲೇ ಒಂದು ಅಗಲ ರಸ್ತೆ ಎಳೆದಿದ್ದರು.

ಬಣ್ಣ ಅಂದರೆ ಏನು?

ಸಾಮಾನ್ಯವಾಗಿ ಹಳದಿ ಮನೆಗಳಿಗೆ, ನೀಲಿ ವ್ಯಾಪಾರಕ್ಕೆ, ನೇರಳೆ ಕೈಗಾರಿಕೆಗೆ, ಕೆಂಪು ಶಾಲೆ ಆಸ್ಪತ್ರೆಯಂಥದ್ದಕ್ಕೆ. ಆದರೂ ಮೂಲೆಯ ಪಟ್ಟಿ ನೋಡದೆ ಯಾವುದನ್ನೂ ನಂಬಬೇಡಿ.

ಬಣ್ಣ ಬದಲಾದ ಮಾತ್ರಕ್ಕೆ ಜಮೀನು ಸರ್ಕಾರದ್ದಾಗುವುದಿಲ್ಲ. ಪಹಣಿ ನಮ್ಮ ಹೆಸರಲ್ಲೇ ಇರುತ್ತದೆ. ಆದರೆ ಮುಂದೆ ಆ ಜಾಗದಲ್ಲಿ ಏನು ಕಟ್ಟಬಹುದು, ಪರಿವರ್ತನೆ ಸಿಗುತ್ತದೋ ಇಲ್ಲವೋ, ಕೊಳ್ಳುವವನು ಏನು ಬೆಲೆ ಹೇಳುತ್ತಾನೆ, ಇದೆಲ್ಲ ಬಣ್ಣದ ಮೇಲೆ ಹೋಗುತ್ತದೆ.

ಭೂಸ್ವಾಧೀನ ಬೇರೆ, ಇದು ಬೇರೆ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ 1,777 ಎಕರೆಗೆ ನೋಟೀಸು ಬಂದದ್ದು ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆ ಪ್ರಕಾರ. ಅಲ್ಲಿನ ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತ ಮೇಲೆ, 2025ರ ಜುಲೈನಲ್ಲಿ ಸರ್ಕಾರ ಸ್ವಾಧೀನ ಕೈಬಿಟ್ಟಿತು. ಮಾಸ್ಟರ್ ಪ್ಲಾನ್ ಬರುವುದು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲಿ. ಇಲ್ಲಿ ಮನೆಗೆ ನೋಟೀಸು ಬರುತ್ತದೆ ಅಂತ ಕಾಯುತ್ತಾ ಕೂರಬೇಡಿ. ನಾವೇ ಹೋಗಿ ನೋಡಬೇಕು.

ಊರಲ್ಲಿ ಆದ ಮಾತು

ಪಂಚಾಯ್ತಿ ಹತ್ತಿರ ಸಭೆ ಸೇರಿತು. ಬಡಾವಣೆಯವರು, 'ನಮಗೆ ಪಾರ್ಕು ಬೇಕು, ಗೋಡೌನು ಬೇಡ, ರಾತ್ರಿಯೆಲ್ಲ ಲಾರಿ ಕಾಟ' ಅಂದರು. ಅಂಗಡಿ, ಗೋಡೌನಿನವರು, 'ರಸ್ತೆ ಅಗಲ ಆಗಲಿ, ಎರಡೂ ಕಡೆ ನೀಲಿ ಆಗಲಿ, ನಾಲ್ಕು ಜನಕ್ಕೆ ಕೆಲಸ ಸಿಗುತ್ತೆ' ಅಂದರು.

ರೈತರಾದ ನಾವೇನು ಒಂದೇ ಮಾತಿನವರಾ? ಅಲ್ಲ. ನನ್ನ ತಮ್ಮನೇ ಎದ್ದು, 'ಅಣ್ಣ, ಮಳೆ ನಂಬಿ ಎಷ್ಟು ವರ್ಷ ಸಾಯೋದು? ಎಲ್ಲಾ ಹಳದಿ ಮಾಡಲಿ ಬಿಡು' ಅಂದ. ಅವನಿಗೆ ಸಾಲ ಇದೆ, ಇಬ್ಬರು ಹೆಣ್ಣುಮಕ್ಕಳಿದ್ದಾರೆ. ಅವನ ಮಾತು ಸುಳ್ಳು ಅಂತ ನನಗೆ ಹೇಳಲಾಗಲಿಲ್ಲ. ಆದರೆ ಪಾರ್ಕು ಅಂತ ಗುರುತಾದರೆ ಅವನಿಗೆ ಹಳದಿಯೂ ಇಲ್ಲ, ನನಗೆ ರಾಗಿಯೂ ಇಲ್ಲ. ಈ ಒಂದು ವಿಷಯದಲ್ಲಿ ಇಬ್ಬರೂ ಒಂದಾದೆವು.

ಹಳ್ಳದ ಮಾತು ಯಾರೂ ಎತ್ತಲಿಲ್ಲ. ನಾನೇ ಎದ್ದು ಕೇಳಿದೆ: 'ಸ್ವಾಮಿ, ಹಳ್ಳ ಮುಚ್ಚಿದರೆ ನೀರು ಎಲ್ಲಿಗೆ ಹೋಗುತ್ತೆ? ಹೋದ ಮಳೆಗಾಲದಲ್ಲಿ ಕೆಳಗಿನ ಸಾಲಿನ ಮನೆಗಳಿಗೆ ನೀರು ನುಗ್ಗಿತ್ತಲ್ಲ?' ಬಡಾವಣೆಯವರು ಸುಮ್ಮನಾದರು. ಆಮೇಲೆ ಅವರೇ ನಮ್ಮ ಅರ್ಜಿಗೆ ಸಹಿ ಹಾಕಿದರು.

ಅರ್ಜಿ ಬರೆಯುವ ಕ್ರಮ

ಕರಡು ಪ್ರಕಟವಾದ ದಿನದಿಂದ 60 ದಿನದೊಳಗೆ ಯಾರು ಬೇಕಾದರೂ ಆಕ್ಷೇಪಣೆ ಕೊಡಬಹುದು. ಬರವಣಿಗೆಯಲ್ಲೇ ಕೊಡಬೇಕು. ಸಭೆಯಲ್ಲಿ ಕೂಗಾಡಿದ್ದು ಲೆಕ್ಕಕ್ಕಿಲ್ಲ. ನಾವು ಮಾಡಿದ್ದು ಹೀಗೆ:

1. ಪಹಣಿ ಮತ್ತು ಗ್ರಾಮ ನಕ್ಷೆ ಜೊತೆಗಿಟ್ಟುಕೊಂಡು, ಪ್ಲಾನಿನಲ್ಲಿ ನಮ್ಮ ಸರ್ವೆ ನಂಬರು ಹುಡುಕಿದೆವು. ಕೆರೆ, ರಸ್ತೆ ಗುರುತು ಹಿಡಿದು ಹೋದರೆ ಸಿಗುತ್ತದೆ.

2. ಒಂದು ಅರ್ಜಿಗೆ ನೂರು ಸಹಿ ಹಾಕಿಸುವ ಬದಲು ಹನ್ನೊಂದು ಮನೆಯವರು ಬೇರೆ ಬೇರೆ ಬರೆದೆವು. ಹಳ್ಳದ ವಿಷಯಕ್ಕೆ ಮಾತ್ರ ಎಲ್ಲರೂ ಸೇರಿ ಒಂದು.

3. 'ಅನ್ಯಾಯವಾಗಿದೆ' ಅಂತ ಬರೆದು ನಿಲ್ಲಿಸಲಿಲ್ಲ. ಸರ್ವೆ ನಂಬರು, ಎಷ್ಟು ಎಕರೆ ಗುಂಟೆ, ಈಗ ಏನು ಬೆಳೆ, ಏನು ಗುರುತಾಗಿದೆ, ಬದಲಿಗೆ ಏನಾಗಬೇಕು, ಇಷ್ಟೂ ಬರೆದೆವು. ಹಳ್ಳ ತುಂಬಿ ಹರಿಯುವ ಫೋಟೋ ಲಗತ್ತಿಸಿದೆವು.

4. ಎರಡನೇ ಪ್ರತಿಗೆ ಸೀಲು, ತಾರೀಕು ಹಾಕಿಸಿಕೊಂಡೆವು. ಇದಿಲ್ಲದೆ ಕೊಟ್ಟ ಅರ್ಜಿ ಕೊಡದಂತೆಯೇ.

ಪ್ರಾಧಿಕಾರದವರು ಆಕ್ಷೇಪಣೆ ಪರಿಶೀಲಿಸಿ ಶಿಫಾರಸು ಸಮೇತ ಸರ್ಕಾರಕ್ಕೆ ಕಳಿಸಬೇಕು. ಕೊನೆಯ ಒಪ್ಪಿಗೆ ಸರ್ಕಾರದ್ದು. ಬೆಂಗಳೂರಿನ 2031ರ ಕರಡು 2017ರ ನವೆಂಬರಿನಲ್ಲಿ ಬಂದಾಗ ಸಾವಿರಾರು ಆಕ್ಷೇಪಣೆ ಬಿದ್ದವು, ಮುಂದೆ ಆ ಕರಡನ್ನೇ ಕೈಬಿಟ್ಟರು. ಅರ್ಜಿಯಿಂದ ಏನಾಗುತ್ತೆ ಅನ್ನುವವರಿಗೆ ಇದನ್ನು ಹೇಳಿ.

ಪ್ಲಾನು ಒಪ್ಪಿಗೆಯಾದ ಮೇಲೂ ಸುಮ್ಮನಿರುವಂತಿಲ್ಲ. ನಡುವೆ ಯಾವುದಾದರೂ ಜಾಗದ ಬಣ್ಣ ಬದಲಿಸಬೇಕಾದರೆ ಪೇಪರಿನಲ್ಲಿ ಪ್ರಕಟಣೆ ಕೊಟ್ಟು ಕನಿಷ್ಠ 15 ದಿನ ಆಕ್ಷೇಪಣೆಗೆ ಬಿಡಬೇಕು. ಆ ಸಣ್ಣಕ್ಷರದ ಪ್ರಕಟಣೆ ಓದುವ ಅಭ್ಯಾಸ ಮಾಡಿಕೊಳ್ಳಿ. ಪಾರ್ಕು, ರಸ್ತೆಯಂಥದ್ದಕ್ಕೆ ಗುರುತಾದ ಜಾಗವನ್ನು ಐದು ವರ್ಷದೊಳಗೆ ಒಪ್ಪಂದದಿಂದ ಕೊಳ್ಳದಿದ್ದರೆ, ಸ್ವಾಧೀನದ ಕೆಲಸವನ್ನೂ ಶುರು ಮಾಡದಿದ್ದರೆ, ಆ ಗುರುತು ಬಿದ್ದುಹೋಗುತ್ತದೆ ಅಂತಲೂ ಕಾನೂನಿದೆ. ಆದರೆ ಐದು ವರ್ಷ ಕಾದು ಕೋರ್ಟಿಗೆ ಅಲೆಯುವುದಕ್ಕಿಂತ 60 ದಿನದೊಳಗಿನ ಒಂದು ಅರ್ಜಿ ವಾಸಿ.

ನಮ್ಮದು ಏನಾಯಿತು? ಸರ್ಕಾರಕ್ಕೆ ಹೋದ ಪ್ರತಿಯಲ್ಲಿ ರಸ್ತೆ ಹಳ್ಳ ಬಿಟ್ಟು ಆಚೆಗೆ ಸರಿದಿದೆ. ಪಾರ್ಕು ಪೂರ್ತಿ ಹೋಗಿಲ್ಲ, ಒಂದು ಎಕರೆ ಇದ್ದದ್ದು ಹನ್ನೆರಡು ಗುಂಟೆಗೆ ಇಳಿದಿದೆ. ಕೊನೆಯ ಒಪ್ಪಿಗೆ ಇನ್ನೂ ಬಂದಿಲ್ಲ. ತಮ್ಮ ಈಗಲೂ ಹಳದಿ ಬೇಕು ಅಂತಾನೆ, ನಾನು ಬೇಡ ಅಂತೀನಿ. ಈ ವರ್ಷವೂ ರಾಗಿ ಹಾಕಿದ್ದೇವೆ.

ಪೇಟೆ ಹತ್ತಿರ ಜಮೀನಿರುವವರು ಒಂದು ದಿನದ ಕೂಲಿ ಹೋದರೂ ಚಿಂತೆಯಿಲ್ಲ, ಪಹಣಿ ಹಿಡಿದು ಹೋಗಿ ನಕ್ಷೆ ನೋಡಿ ಬನ್ನಿ. ಓದಲು ಬರುವ ಮಕ್ಕಳನ್ನು ಜೊತೆಗೆ ಕರೆದುಕೊಂಡು ಹೋಗಿ.