ಹಿತ್ತಲಿನ ಜೇಕು


ಇಂದಿನ ಧಮ್ಮ ಅಧ್ಯಯನ: ಸಮ್ಯಕ್ ವ್ಯಾಯಾಮ



ನಮ್ಮ ಚಿಕ್ಕೋಡಿ ಮನೆಯ ಹಿತ್ತಲು ಮೂರು ವರ್ಷದಿಂದ ಹಾಳು ಬಿದ್ದಿತ್ತು. ಅವ್ವ ತೀರಿಕೊಂಡ ಮೇಲೆ ಮನೆ ಪಾಲಾಯಿತು. ಹಿತ್ತಲಿನ ಗೆರೆ ಎಲ್ಲಿ ಎಂಬ ಜಗಳಕ್ಕೆ ನನಗೂ ತಮ್ಮನಿಗೂ ಮಾತು ನಿಂತಿತು. ಅವನೂ ಅಲ್ಲಿ ಕಾಲಿಡಲಿಲ್ಲ, ನಾನೂ ಇಡಲಿಲ್ಲ. ಅವ್ವ ಹಚ್ಚಿದ್ದರಲ್ಲಿ ಕರಿಬೇವಿನ ಗಿಡ ಒಂದು ಉಳಿಯಿತು. ಸುತ್ತ ಕಾಂಗ್ರೆಸ್ ಕಸ, ಕರಕಿ, ಜೇಕು.

ಹೋದ ರವಿವಾರ ಬಿಸಿಲೇರುವ ಮೊದಲು ಗುದ್ದಲಿ ಹಿಡಿದೆ. ನಿಜ ಹೇಳುತ್ತೇನೆ, ನಾಚಿಕೆಯಾಯಿತು. ಊರಿನ ಕಸ ಬಳಿದು ನಮ್ಮ ಹಿರಿಯರ ಬೆನ್ನು ಬಾಗಿತ್ತು, ಓದಿ ನೌಕರಿ ಹಿಡಿದ ಮೇಲೂ ಅದೇ ಕೆಲಸವೇ ಅನಿಸಿತು. ಆದರೆ ಅದು ಊರವರು ಹೇರಿದ ಕೆಲಸ. ಇದು ನನ್ನ ಮನೆ, ನಾನೇ ಬೆಳೆಯಲು ಬಿಟ್ಟ ಕಸ.

ಕಾಂಗ್ರೆಸ್ ಕಸ ಕೀಳುವುದು ಸುಲಭ. ಹೂ ಬಿಡುವ ಮೊದಲು ಕೀಳಬೇಕು, ಕೈಗೆ ಚೀಲ ಕಟ್ಟಿಕೊಳ್ಳಿ, ಇಲ್ಲದಿದ್ದರೆ ತುರಿಕೆ. ಜೇಕು ಹಾಗಲ್ಲ. ಮೇಲೆ ಎಷ್ಟು ಕೊಯ್ದರೂ ನೆಲದೊಳಗೆ ಗಡ್ಡೆಯಿಂದ ಗಡ್ಡೆಗೆ ದಾರದಂತೆ ಬೇರು. ಒಂದು ಗಡ್ಡೆ ಉಳಿದರೂ ಮೊದಲ ಮಳೆಗೆ ಮತ್ತೆ ಚಿಗುರುತ್ತದೆ. ರಾಯಬಾಗ, ಅಥಣಿ ಕಡೆಯ ಕಬ್ಬಿನ ಹೊಲದವರಿಗೆ ಇದನ್ನು ಹೇಳಬೇಕಾಗಿಲ್ಲ. ಅದಕ್ಕೇ ಬೇಸಿಗೆ ಬೇಕು: ಅಗೆದು ಗಡ್ಡೆ ಮೇಲೆ ತಂದರೆ ಬಿಸಿಲಿಗೆ ಒಣಗಿ ಸಾಯುತ್ತದೆ. ತಿಪ್ಪೆಗೆ ಮಾತ್ರ ಹಾಕಬೇಡಿ, ಗೊಬ್ಬರದ ಜೊತೆ ಹೊಲ ಸೇರುತ್ತದೆ.

ಧಮ್ಮಪದದ ತಣ್ಹಾ ವಗ್ಗದಲ್ಲಿ ತಥಾಗತರು ಲಾವಂಚದ ಉದಾಹರಣೆ ಕೊಡುತ್ತಾರೆ. ಲಾವಂಚದ ಬೇರು ಬೇಕಾದವನು ನೆಲ ಅಗೆಯುವಂತೆ ತೃಷ್ಣೆಯನ್ನೂ ಬೇರಿನಿಂದ ಅಗೆಯಬೇಕು. ಅದೇ ವಗ್ಗದ ಕೊನೆಗೆ ರಾಗ, ದ್ವೇಷ, ಮೋಹಗಳನ್ನು ಹೊಲದ ಕಳೆಗೆ ಹೋಲಿಸುತ್ತಾರೆ. ಸಮ್ಯಕ್ ವ್ಯಾಯಾಮದ ನಾಲ್ಕು ಯತ್ನಗಳು ನಿಮಗೆ ಗೊತ್ತು: ಹುಟ್ಟದ ಅಕುಶಲವನ್ನು ತಡೆಯುವುದು, ಹುಟ್ಟಿದ್ದನ್ನು ಬಿಡುವುದು, ಹುಟ್ಟದ ಕುಶಲವನ್ನು ಹುಟ್ಟಿಸುವುದು, ಹುಟ್ಟಿದ್ದನ್ನು ಕಾಯುವುದು. ಎರಡನೆಯದರಲ್ಲೇ ನಾನು ಸೋತಿದ್ದೆ. ಮೂರು ವರ್ಷ ಮೇಲಿನ ಹುಲ್ಲಷ್ಟೇ ಕೊಯ್ದೆ: ವಿಹಾರದಲ್ಲಿ ಪಂಚಶೀಲ ಹೇಳುತ್ತಿದ್ದೆ, ತಮ್ಮ ಬಂದರೆ ಎದ್ದು ಹಿಂದಿನ ಸಾಲಿಗೆ ಹೋಗುತ್ತಿದ್ದೆ.

ಅಗೆಯುತ್ತ ಹೋದರೆ, ಜೇಕಿನ ಬೇರು ನಾವು ಜಗಳಾಡಿದ ಗೆರೆ ದಾಟಿ ಅವನ ಕಡೆ ಹೋಗಿತ್ತು. ನನ್ನ ಪಾಲಿನದಷ್ಟೇ ತೆಗೆದು ಏನು ಬಂತು? ಅವನ ಬಾಗಿಲಿಗೆ ಹೋಗಿ, "ತಮ್ಮಾ, ನಿನ್ನ ಕಡೀನೂ ಅಗೀಲೇನು?" ಎಂದೆ. ಅವನು ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಿಗೆ ಸಲಿಕೆ ಹಿಡಿದು ಬಂದ.

ಗೆರೆಯ ಮಾತು ಇನ್ನೂ ಆಗಿಲ್ಲ. ಕರಿಬೇವಿಗೆ ಇಬ್ಬರೂ ನೀರು ಹಾಕುತ್ತಿದ್ದೇವೆ. ಈ ರವಿವಾರ ಉಳಿದರ್ಧ ಅಗೆಯಬೇಕು.

ಭವತು ಸಬ್ಬ ಮಂಗಲಂ.